ಬೆಳಕನ್ನು ಕೂಡಿಟ್ಟ ವೈನು ಬಾಪು

ಮಕ್ಕಳೇ, ರಾತ್ರಿ ಊಟವಾದ ಮೇಲೆ ಮನೆಯ ತಾರಸಿ ಹತ್ತಿ ಆಕಾಶ ನೋಡಿದ್ದೀರಾ? ನಮ್ಮ ಕೋಣನಕುಂಟೆಯಲ್ಲಿ ಬೀದಿದೀಪ, ಅಂಗಡಿದೀಪಗಳ ಬೆಳಕು ಹೆಚ್ಚು. ಅದರಲ್ಲಿ ಮಂಕಾದ ನಕ್ಷತ್ರಗಳು ಮರೆಯಾಗುತ್ತವೆ. ಆದರೆ ಚಂದ್ರ ಮರೆಯಾಗುವುದಿಲ್ಲ. ಗುರು, ಶುಕ್ರ ಗ್ರಹಗಳೂ ಮರೆಯಾಗುವುದಿಲ್ಲ. ಅವು ಅಷ್ಟು ಪ್ರಕಾಶಮಾನ. ಆದ್ದರಿಂದಲೇ ಬೆಂಗಳೂರಿನ ಹವ್ಯಾಸಿಗಳು ತಾರಸಿಯಲ್ಲೇ ಚಿಕ್ಕ ದೂರದರ್ಶಕ ಇಟ್ಟು ಚಂದ್ರನ ಕುಳಿಗಳ, ಶನಿಯ ಉಂಗುರಗಳ ಚಿತ್ರ ತೆಗೆಯುತ್ತಾರೆ.

ಹೀಗೆಯೇ ಹವ್ಯಾಸಿಯಾಗಿ ಆಕಾಶ ನೋಡಲು ತೊಡಗಿ, ಜಗತ್ತಿಗೇ ಹೆಸರಾದವರೊಬ್ಬರ ಕಥೆಯನ್ನು ಈಗ ತಿಳಿಯೋಣ. ಅವರೇ ಎಂ.ಕೆ. ವೈನು ಬಾಪು.

ಬಾಪು ಹುಟ್ಟಿದ್ದು 1927ರ ಆಗಸ್ಟ್ 10ರಂದು, ಮದರಾಸಿನಲ್ಲಿ. ಅವರ ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸದಲ್ಲಿದ್ದರು. ನಕ್ಷತ್ರಗಳ ಛಾಯಾಚಿತ್ರ ತೆಗೆಯಲೆಂದೇ ಅಲ್ಲೊಂದು ದೂರದರ್ಶಕವಿತ್ತು. ಆಗ ರಾಸಾಯನಿಕ ಲೇಪಿಸಿದ ಗಾಜಿನ ಫಲಕದ ಮೇಲೆ ಚಿತ್ರ ಮೂಡಿಸುತ್ತಿದ್ದರು.

ಕಣ್ಣಿನಿಂದ ನೋಡಿದರೆ ಸಾಲದೇ? ಚಿತ್ರ ಏಕೆ ಬೇಕು? ತೊಟ್ಟಿಕ್ಕುವ ನಲ್ಲಿಯನ್ನು ನೆನೆಯಿರಿ. ಅದರ ಕೆಳಗೆ ಒಂದು ಕ್ಷಣ ಅಂಗೈ ಹಿಡಿದರೆ ಸಿಗುವುದು ಒಂದೋ ಎರಡೋ ಹನಿ. ರಾತ್ರಿಯಿಡೀ ಬಿಂದಿಗೆ ಇಟ್ಟರೆ ಬೆಳಗಾಗುವಷ್ಟರಲ್ಲಿ ನೀರು ತುಂಬಿರುತ್ತದೆ. ನಮ್ಮ ಕಣ್ಣು ಅಂಗೈಯಂತೆ, ಫಲಕ ಬಿಂದಿಗೆಯಂತೆ. ಫಲಕವು ಬೆಳಕನ್ನು ಕೂಡಿಸುತ್ತಾ ಹೋಗುತ್ತದೆ. ಕಣ್ಣಿಗೆ ಕಾಣದ ನಕ್ಷತ್ರವೂ ಅದರಲ್ಲಿ ಮೂಡುತ್ತದೆ.

ಬಾಪು ಕಾಲೇಜಿನಲ್ಲಿ ಓದುತ್ತಿದ್ದಾಗಲೇ ಬೆಳಕು ಹೆಚ್ಚು ಕಡಿಮೆಯಾಗುವ ನಕ್ಷತ್ರಗಳನ್ನು ಗಮನಿಸಿ ಲೇಖನ ಪ್ರಕಟಿಸಿದರು. ಎಂ.ಎಸ್ಸಿ. ಮುಗಿಸಿ, ವಿದ್ಯಾರ್ಥಿವೇತನ ಪಡೆದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿದರು. 1949ರ ಜುಲೈ 2ರ ರಾತ್ರಿ ಅವರು ತೆಗೆದ ಫಲಕದಲ್ಲಿ ಹಿಂದೆಂದೂ ಕಾಣದ ಒಂದು ಧೂಮಕೇತು ಸಿಕ್ಕಿತು! ಪ್ರಾಧ್ಯಾಪಕ ಬಾರ್ಟ್ ಬಾಕ್ ಮತ್ತು ಜೊತೆಗಾರ ನ್ಯೂಕರ್ಕ್ ಅದನ್ನು ಖಚಿತಪಡಿಸಲು ನೆರವಾದರು. ಅದಕ್ಕೆ ಬಾಪು-ಬಾಕ್-ನ್ಯೂಕರ್ಕ್ ಧೂಮಕೇತು ಎಂದೇ ಹೆಸರಾಯಿತು. ಆಗ ಬಾಪು ಅವರಿಗೆ ಇನ್ನೂ 22 ವರ್ಷ ತುಂಬಿರಲಿಲ್ಲ.

ಪಿಎಚ್.ಡಿ. ಪಡೆದ ನಂತರ ಓಲಿನ್ ವಿಲ್ಸನ್ ಎಂಬ ವಿಜ್ಞಾನಿಯ ಜೊತೆ ಕೆಲಸ ಮಾಡಿದರು. ಕೆಲವು ಬಗೆಯ ನಕ್ಷತ್ರಗಳ ರೋಹಿತದಲ್ಲಿರುವ ಒಂದು ಗೆರೆಯ ಅಗಲವನ್ನು ಅಳೆದರೆ, ಆ ನಕ್ಷತ್ರದ ನಿಜವಾದ ಪ್ರಕಾಶ ತಿಳಿಯುತ್ತದೆ ಎಂದು ಅವರಿಬ್ಬರೂ ಕಂಡುಕೊಂಡರು. 1957ರಲ್ಲಿ ಪ್ರಕಟವಾದ ಇದಕ್ಕೆ ವಿಲ್ಸನ್-ಬಾಪು ಪರಿಣಾಮ ಎನ್ನುತ್ತಾರೆ.

ಅಷ್ಟರಲ್ಲಿ ಬಾಪು ಭಾರತಕ್ಕೆ ಮರಳಿದ್ದರು. ಇಲ್ಲಿ ದೊಡ್ಡ ದೂರದರ್ಶಕಗಳೇ ವಿರಳ. 1960ರಲ್ಲಿ ಅವರು ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಅದು ಸೂರ್ಯನ ಅಧ್ಯಯನಕ್ಕೆ ಹೆಸರಾದ ಜಾಗ. ನಕ್ಷತ್ರಗಳಿಗಾಗಿ ಮೋಡ ಕಡಿಮೆಯಿರುವ, ಕತ್ತಲಿರುವ ಬೇರೆ ಜಾಗ ಬೇಕಿತ್ತು. ಹುಡುಕಿ ಹುಡುಕಿ ತಮಿಳುನಾಡಿನ ಜವಾದಿ ಬೆಟ್ಟಗಳ ಕಾವಲೂರನ್ನು ಆರಿಸಿದರು. 1968ರಲ್ಲಿ ಅಲ್ಲಿ ಕೆಲಸ ಆರಂಭಿಸಿದ್ದು ಯಾವ ದೂರದರ್ಶಕದಿಂದ ಗೊತ್ತೇ? ತಮ್ಮ ಕಾರ್ಯಾಗಾರದಲ್ಲೇ ತಯಾರಿಸಿದ, 38 ಸೆಂಟಿಮೀಟರ್ ಅಗಲದ ದರ್ಪಣವಿದ್ದ ದೂರದರ್ಶಕದಿಂದ!

1972ರಲ್ಲಿ 1 ಮೀಟರ್ ದೂರದರ್ಶಕವೂ ಬಂತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹವು ಒಂದು ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ಗ್ರಹ ಅಡ್ಡ ಬರುವ ಮೊದಲೇ ನಕ್ಷತ್ರದ ಬೆಳಕು ಕುಗ್ಗಿತು. ಏನೋ ಅಡ್ಡ ಬಂದಿರಬೇಕಲ್ಲವೇ? ಅವು ಯುರೇನಸ್ಸಿನ ಉಂಗುರಗಳು! ಆ ಉಂಗುರಗಳ ಸುಳಿವು ಪಡೆದ ವೀಕ್ಷಣಾಲಯಗಳಲ್ಲಿ ಕಾವಲೂರೂ ಒಂದು.

ಬಾಪು ಕಟ್ಟಿದ ಭಾರತೀಯ ಖಭೌತ ಸಂಸ್ಥೆಯ ಕೇಂದ್ರ ಬೆಂಗಳೂರಿನ ಕೋರಮಂಗಲಕ್ಕೆ ಬಂತು. 2.34 ಮೀಟರ್ ಅಗಲದ ದರ್ಪಣವಿರುವ ದೂರದರ್ಶಕವನ್ನು ಭಾರತದಲ್ಲೇ ಮಾಡಬೇಕೆಂಬುದು ಅವರ ಹಟ. ಜರ್ಮನಿಯಿಂದ ತರಿಸಿದ ಗಾಜಿನ ಬಿಲ್ಲೆಯನ್ನು ಕೋರಮಂಗಲದಲ್ಲೇ ಉಜ್ಜಿ ನಯಗೊಳಿಸತೊಡಗಿದರು. ದರ್ಪಣದ ಬಾಗು ಕೂದಲೆಳೆಯ ನೂರನೇ ಒಂದು ಭಾಗದಷ್ಟು ತಪ್ಪಿದರೂ ಬೆಳಕು ಒಂದೆಡೆ ಸೇರದೆ ಚಿತ್ರ ಮಸುಕಾಗುತ್ತದೆ. ಇದು ಅವಸರದ ಕೆಲಸವಲ್ಲ, ವರ್ಷಗಳೇ ಹಿಡಿದವು.

1979ರಲ್ಲಿ ಬಾಪು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದರು. ಆದರೆ 1982ರ ಆಗಸ್ಟ್ 19ರಂದು ಜರ್ಮನಿಯ ಮ್ಯೂನಿಕ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ ಕೇವಲ 55 ವರ್ಷ. ತಾವು ಕನಸು ಕಂಡ ದೂರದರ್ಶಕದಿಂದ ಆಕಾಶ ನೋಡುವ ಭಾಗ್ಯ ಅವರಿಗೆ ದೊರೆಯಲಿಲ್ಲ. ಜೊತೆಯವರು ಕೆಲಸ ನಿಲ್ಲಿಸದೆ ಅದನ್ನು ಪೂರ್ಣಗೊಳಿಸಿದರು. 1986ರ ಜನವರಿ 6ರಂದು ಆ ದೂರದರ್ಶಕಕ್ಕೂ ಕಾವಲೂರಿನ ವೀಕ್ಷಣಾಲಯಕ್ಕೂ ಅವರ ಹೆಸರನ್ನೇ ಇಡಲಾಯಿತು.

ಇಂದು ಗಾಜಿನ ಫಲಕಗಳ ಕಾಲ ಮುಗಿದಿದೆ. ನಿಮ್ಮ ಮನೆಯ ಮೊಬೈಲಿನಲ್ಲಿರುವ ಪುಟ್ಟ ಕ್ಯಾಮರಾ ಕೂಡ ಬೆಳಕನ್ನು ಕೂಡಿಡುವ ಬಿಂದಿಗೆಯೇ.

ಮಾಡಿ ನೋಡಿ: ಅಮಾವಾಸ್ಯೆ ಕಳೆದು ಏಳೆಂಟು ದಿನಕ್ಕೆ ಅರ್ಧ ಚಂದ್ರ ಕಾಣುತ್ತಾನೆ. ಶಾಲೆಯಲ್ಲಿ ದೂರದರ್ಶಕವಿದ್ದರೆ ಶಿಕ್ಷಕರ ಜೊತೆ ಅದನ್ನು ಚಂದ್ರನತ್ತ ತಿರುಗಿಸಿ. ಕಣ್ಣಿಡುವ ಮಸೂರಕ್ಕೆ ಮೊಬೈಲ್ ಕ್ಯಾಮರಾವನ್ನು ಅಲುಗದಂತೆ ಹಿಡಿದು ಚಿತ್ರ ತೆಗೆಯಿರಿ. ಬೆಳಕೂ ಕತ್ತಲೆಯೂ ಸೇರುವ ಗೆರೆಯ ಬಳಿ ನೆರಳು ಉದ್ದವಾಗಿರುವುದರಿಂದ ಕುಳಿಗಳು ಚೆನ್ನಾಗಿ ಕಾಣುತ್ತವೆ. ಮರುದಿನ ಮತ್ತೆ ತೆಗೆಯಿರಿ. ಎರಡರಲ್ಲಿ ಏನು ಬದಲಾಗಿದೆ? ದಿನಾಂಕ, ಸಮಯ ಬರೆದಿಡಿ. ದೂರದರ್ಶಕವಿಲ್ಲದಿದ್ದರೆ ಬರಿಗಣ್ಣಿನಿಂದ ನೋಡಿ ಚಿತ್ರ ಬರೆಯಿರಿ.

ಎಚ್ಚರಿಕೆ: ದೂರದರ್ಶಕವನ್ನು ಸೂರ್ಯನತ್ತ ಎಂದೂ ತಿರುಗಿಸಬೇಡಿ. ಕಣ್ಣೇ ಹೋಗಬಹುದು.