ಮಕ್ರಿಯಾನ್ನಿಸ್: ಅಕ್ಷರ ಕಲಿತ ಸೇನಾನಿ

ಗ್ರೀಸ್ ದೇಶದ ಸ್ವಾತಂತ್ರ್ಯ ಸಮರವೆಂದರೆ ಇಂಗ್ಲಿಷ್ ಕಾವ್ಯವನ್ನೋದುವ ನಮಗೆ ಮೊದಲು ನೆನಪಾಗುವವನು ಬೈರನ್ ಕವಿ. 1824ರಲ್ಲಿ ಅವನು ಮಿಸೊಲಾಂಗಿಯಲ್ಲಿ ಜ್ವರದಿಂದ ತೀರಿಕೊಂಡ ಸಂಗತಿ ನಮ್ಮಲ್ಲಿ ಅನೇಕರಿಗೆ ಗೊತ್ತು. ಆದರೆ ಆ ಸಮರದಲ್ಲಿ ಮೈತುಂಬ ಗಾಯ ಹೊತ್ತು, ಅದರ ಕಥೆಯನ್ನು ತನ್ನ ಕೈಯಿಂದಲೇ ಬರೆದಿಟ್ಟ ಯಾನ್ನಿಸ್ ಮಕ್ರಿಯಾನ್ನಿಸನ ಹೆಸರು ನಮ್ಮಲ್ಲಿ ಕೇಳಿಬರುವುದು ಅಪರೂಪ.

ಅವನು ಹುಟ್ಟಿದುದು 1797ರಲ್ಲಿ, ನಡು ಗ್ರೀಸಿನ ಗುಡ್ಡಗಾಡಿನ ಬಡ ಹಳ್ಳಿಯೊಂದರಲ್ಲಿ. ಸೌದೆಗೆ ಹೋದ ತಾಯಿ ಕಾಡಿನಲ್ಲಿಯೇ ಹೆತ್ತು, ಹೊರೆಯ ಜೊತೆಗೆ ಕೂಸನ್ನೂ ಹೊತ್ತು ಮನೆಗೆ ಬಂದಳಂತೆ. ತಂದೆ ಬೇಗನೆ ಕೊಲೆಯಾದನು. ಹುಡುಗನು ಪರರ ಮನೆಯ ಚಾಕರಿ ಮಾಡಿ ಬೆಳೆದನು. ಆಳೆತ್ತರ ನೋಡಿ ಜನರಿಟ್ಟ ಅಡ್ಡಹೆಸರೇ ಮಕ್ರಿಯಾನ್ನಿಸ್, ಎಂದರೆ ನೀಳ ಯಾನ್ನಿಸ್. ಆರ್ಟಾ ಪಟ್ಟಣದಲ್ಲಿ ವ್ಯಾಪಾರ ಮಾಡಿ ಹಣವಂತನಾದ ಮೇಲೆ ಅವನು ಸುಖವಾಗಿ ಇರಬಹುದಾಗಿತ್ತು. ಇರಲಿಲ್ಲ. 1820ರಲ್ಲಿ ಕ್ರಾಂತಿಕಾರರ ಗುಪ್ತಸಂಘವನ್ನು ಸೇರಿದನು. ಮರುವರ್ಷ ತುರ್ಕರ ಸೆರೆ ಕಂಡು, ತಪ್ಪಿಸಿಕೊಂಡು ರಣಕ್ಕಿಳಿದನು.

1825ರ ಜೂನ್ ತಿಂಗಳಲ್ಲಿ ಲೆರ್ನಾದ ಗಿರಣಿಗಳ ಬಳಿ ಕೆಲವೇ ನೂರು ಮಂದಿಯೊಡನೆ ಅವನೂ ಅವನ ಜೊತೆಗಾರರೂ ಈಜಿಪ್ಟಿನ ಇಬ್ರಾಹಿಂ ಪಾಷಾನ ಸಾವಿರಾರು ಸೈನಿಕರನ್ನು ತಡೆದರು. ಅಂದು ಅವನ ಕೈಗೆ ಗುಂಡು ತಗುಲಿತು. ಮರುವರ್ಷ ಅಥೆನ್ಸಿನ ಆಕ್ರೊಪೊಲಿಸ್ ಕೋಟೆಯ ಮುತ್ತಿಗೆಯಲ್ಲಿ ತಲೆಗೆ ಬಿದ್ದ ಪೆಟ್ಟಿನ ನೋವು ಬಾಳಿನುದ್ದಕ್ಕೂ ಕಾಡಿತು. ಶತ್ರುವಿದ್ದಾಗಲೇ ಗ್ರೀಕರು ತಮ್ಮತಮ್ಮಲ್ಲಿ ಕಾದಾಡಿದ ದುರ್ದಿನಗಳೂ ಉಂಟು. ಆಗ ಅವನು ಸರ್ಕಾರದ ಪಕ್ಷ ವಹಿಸಿ ಸ್ವಜನರ ಮೇಲೆಯೇ ನಡೆದುದು ನನಗೆ ಮೆಚ್ಚಿಕೆಯಾಗದು.

1829ರಲ್ಲಿ ಆರ್ಗೊಸ್ ಪಟ್ಟಣದಲ್ಲಿ ಅಧಿಕಾರಿಯಾಗಿದ್ದಾಗ, ಕಾಫಿ ಅಂಗಡಿಗಳಲ್ಲಿ ಕಾಲಹರಣ ಮಾಡಲು ಮನಸ್ಸಿಲ್ಲದೆ, ಸ್ನೇಹಿತರಿಂದ ನಾಲ್ಕಕ್ಷರ ಕಲಿತು ತನ್ನ ನೆನಪುಗಳನ್ನು ಬರೆಯತೊಡಗಿದನು. ಆಗ ಅವನಿಗೆ 32 ವರ್ಷ. ಇಂದಿಗೂ ಹೆಬ್ಬೆಟ್ಟನ್ನೇ ಒತ್ತುವ ತಂದೆಯವರ ಮಗನಾದ ನಾನು ಈ ಘಟ್ಟವನ್ನು ಎರಡು ಸಲ ಓದಿದೆನು. ವ್ಯಾಕರಣವಿಲ್ಲ, ವಿರಾಮಚಿಹ್ನೆಯಿಲ್ಲ, ಪದಪದಗಳ ನಡುವೆ ತೆರಪೂ ಇಲ್ಲ; ಬಾಯಲ್ಲಿ ಆಡಿದಂತೆ ಬರೆವಣಿಗೆ. ವಿದ್ಯಾವಂತರು ಹಳೆಯ ಗ್ರೀಕನ್ನು ಅನುಕರಿಸುವ ಭಾರವಾದ ಭಾಷೆಯಲ್ಲಿ ಬರೆಯುತ್ತಿದ್ದ ಕಾಲವದು. ಅವನಿಗೆ ಅದು ಬರುತ್ತಿರಲಿಲ್ಲ. ಬಾರದೆ ಇದ್ದುದೇ ಒಳ್ಳೆಯದಾಯಿತು!

ಸಿಪಾಯಿಗಳು ಕೆಲವರು ಎರಡು ಪುರಾತನ ವಿಗ್ರಹಗಳನ್ನು ಯೂರೋಪಿಯನರಿಗೆ ಮಾರಹೊರಟಾಗ, ಎಷ್ಟು ಹಣ ಬಂದರೂ ಇವು ದೇಶ ಬಿಟ್ಟು ಹೋಗಬಾರದು, ನಾವು ಕಾದಾಡಿದ್ದು ಇವುಗಳಿಗಾಗಿಯೇ ಎಂದು ತಿಳಿಹೇಳಿದನಂತೆ. ಹೋಮರನನ್ನು ಓದಲಾರದವನ ಮಾತಿದು. ಬರೆದುದು ಸಾಲದೆಂದೋ ಏನೋ, 1836ರಿಂದ ಪನಯಿಯೊಟಿಸ್ ಜೊಗ್ರಾಫೊಸ್ ಎಂಬ ಚಿತ್ರಕಾರನನ್ನು ಕೂರಿಸಿಕೊಂಡು, ಕದನಗಳನ್ನು ವಿವರಿಸಿ ಹೇಳಿ 20ಕ್ಕೂ ಮಿಕ್ಕಿ ಚಿತ್ರಗಳನ್ನು ಬರೆಯಿಸಿದನು.

ಬವೇರಿಯಾದಿಂದ ಬಂದ ಆಟೊ ದೊರೆಯ ಆಳ್ವಿಕೆಯಲ್ಲಿ ಹೋರಾಡಿದವರು ಹಸಿದು ಬೀದಿಗೆ ಬಿದ್ದುದನ್ನು ಅವನು ಸಹಿಸಲಿಲ್ಲ. ಸಂವಿಧಾನ ಬೇಡಿ 1843ರ ಸೆಪ್ಟೆಂಬರ್ 3ರಂದು ನಡೆದ ಬಂಡಾಯದ ಮುಂದಾಳುಗಳಲ್ಲಿ ಅವನೊಬ್ಬನು. ದೊರೆ ಒಪ್ಪಬೇಕಾಯಿತು, ಮರೆಯಲಿಲ್ಲ. 1853ರಲ್ಲಿ ಒಳಸಂಚಿನ ಆಪಾದನೆಯ ಮೇಲೆ ಮಕ್ರಿಯಾನ್ನಿಸನಿಗೆ ಮರಣದಂಡನೆ ವಿಧಿಸಲಾಯಿತು. ಮುಂದೆ ಅದನ್ನು ಇಳಿಸಿ, 1854ರಲ್ಲಿ ಬಿಡುಗಡೆ ಮಾಡಿದರು. ಹೊರಬಂದಾಗ ದೇಹ ಜರ್ಜರಿತವಾಗಿತ್ತು. ಆಟೊ ಪದಚ್ಯುತನಾದ ಮೇಲೆ ಸೇನೆಯ ಪದವಿ ಮರಳಿ ದೊರೆಯಿತು. 1864ರ ಏಪ್ರಿಲಿನಲ್ಲಿ ತೀರಿಕೊಂಡನು.

ಶೋಧನೆಗೆ ಹೆದರಿ ಬಚ್ಚಿಡುತ್ತ ಬಂದಿದ್ದ ಹಸ್ತಪ್ರತಿಯನ್ನು 1901ರಲ್ಲಿ ವ್ಲಾಖೊಯಾನ್ನಿಸ್ ಎಂಬ ವಿದ್ವಾಂಸನು ಅವನ ಮಗನಿಂದ ಪಡೆದನು. ಕೂಡಿಕೊಂಡಿದ್ದ ಅಕ್ಷರಗಳನ್ನು ಬಿಡಿಸಿ ಪ್ರತಿ ಮಾಡುವುದೇ ಒಂದು ತಪಸ್ಸಾಯಿತು. ಪುಸ್ತಕ 1907ರಲ್ಲಿ ಅಚ್ಚಾಯಿತು. ಮುಂದೆ ನೊಬೆಲ್ ಪಾರಿತೋಷಕ ಪಡೆದ ಸೆಫೆರಿಸ್ ಕವಿ 1943ರಲ್ಲಿ ಈಜಿಪ್ಟಿನಲ್ಲಿ ಉಪನ್ಯಾಸ ಮಾಡಿ, ಗದ್ಯದಲ್ಲಿ ತನ್ನ ಗುರುಸ್ಥಾನದಲ್ಲಿ ಇವನನ್ನು ನಿಲ್ಲಿಸಿದನು. ಆಕ್ರೊಪೊಲಿಸಿನ ದಕ್ಷಿಣಕ್ಕೆ, ಅವನ ಮನೆಯಿದ್ದ ಬಡಾವಣೆಗೆ ಇಂದಿಗೂ ಮಕ್ರಿಯಾನ್ನಿ ಎಂದೇ ಹೆಸರು.