ಕಿವಿಯ ದೂರನ್ನು ಬಿಡಿಸಿದ ವೈದ್ಯ ಹಾರ್ವೆ ಕುಶಿಂಗ್

ಒಂದೇ ಕಡೆಯ ಕಿವಿಯಲ್ಲಿ ಗುಂಯ್ ಎಂಬ ಸದ್ದು. ಕ್ರಮೇಣ ಅದೇ ಕಿವಿ ಮಂದವಾಗುತ್ತದೆ. ನಡೆಯುವಾಗ ತೋಲು ತಪ್ಪುತ್ತದೆ. ಇದು ಒಳಕಿವಿಯ ತೊಂದರೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಬಹಳ ಮಂದಿಯಲ್ಲಿ ಅದು ನಿಜವೂ ಹೌದು. ಆದರೆ ಅಪರೂಪಕ್ಕೆ ಕಾರಣ ಇನ್ನೂ ಒಳಗೆ, ತಲೆಬುರುಡೆಯ ತಳದಲ್ಲಿರುತ್ತದೆ. ಕಿವಿಯಿಂದ ಮಿದುಳಿಗೆ ಹೋಗುವ ನರದ ಮೇಲೆ ಗೆಡ್ಡೆಯೊಂದು ನಿಧಾನವಾಗಿ ಬೆಳೆಯುತ್ತಿರುತ್ತದೆ. ಕೇಳುವಿಕೆ, ಸಮತೋಲನ ಎರಡರ ಸುದ್ದಿಯನ್ನೂ ಒಯ್ಯುವುದು ಆ ನರವೇ. ಆದ್ದರಿಂದ ಗೆಡ್ಡೆ ಕಿವಿರೋಗದ ವೇಷ ಹಾಕುತ್ತದೆ. ಇದು ಕ್ಯಾನ್ಸರ್ ಅಲ್ಲ. ಆದರೂ ದೊಡ್ಡದಾದರೆ ಮಿದುಳನ್ನು ಒತ್ತಿ ಪ್ರಾಣಕ್ಕೇ ಎರವಾಗಬಲ್ಲದು.

ಈ ವೇಷ ಕಳಚಿದವರಲ್ಲಿ ಮುಖ್ಯರು ಹಾರ್ವೆ ಕುಶಿಂಗ್. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ವೈದ್ಯ ಮನೆತನದಲ್ಲಿ 1869ರ ಏಪ್ರಿಲ್ 8ರಂದು ಹುಟ್ಟಿದರು. ಹತ್ತು ಮಕ್ಕಳಲ್ಲಿ ಕೊನೆಯವರು. ಹಾರ್ವರ್ಡ್‌ನಲ್ಲಿ ಓದುವಾಗ, ಅವರು ಈಥರ್ ಕೊಟ್ಟು ಪ್ರಜ್ಞೆ ತಪ್ಪಿಸಿದ ರೋಗಿಯೊಬ್ಬರು ತೀರಿಕೊಂಡರು. ಕುಶಿಂಗ್ ತತ್ತರಿಸಿಹೋದರು. ಮುಂದೆ ಸಹಪಾಠಿಯೊಬ್ಬರ ಜೊತೆಗೂಡಿ, ಶಸ್ತ್ರಚಿಕಿತ್ಸೆಯ ಉದ್ದಕ್ಕೂ ರೋಗಿಯ ನಾಡಿ, ಉಸಿರಾಟಗಳನ್ನು ಗುರುತು ಹಾಕುವ ಪಟ್ಟಿಯನ್ನು ರೂಪಿಸಿದರು. ಬರೆದಿಡುವ ಈ ಅಭ್ಯಾಸ ಕೊನೆಯವರೆಗೂ ಉಳಿಯಿತು. ಅವರು ಒಳ್ಳೆಯ ಚಿತ್ರಕಾರರೂ ಹೌದು, ಕಂಡದ್ದನ್ನು ಬಿಡಿಸಿಡುತ್ತಿದ್ದರು. ಸಿಡುಕು ಸ್ವಭಾವ ಮಾತ್ರ ಜೊತೆಗಾರರಿಗೆ ಕಷ್ಟವಾಗುತ್ತಿತ್ತು!

1912ರಲ್ಲಿ ಅವರು ಬಾಸ್ಟನ್‌ನ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಗೆ ಬಂದರು. ಆಗ ಸಿ.ಟಿ. ಸ್ಕ್ಯಾನ್ ಇಲ್ಲ, ಎಂ.ಆರ್.ಐ. ಇಲ್ಲ. ತಲೆಯೊಳಗೆ ಗೆಡ್ಡೆ ಎಲ್ಲಿದೆ ಎಂದು ತಿಳಿಯುವುದು ಹೇಗೆ? ಕುಶಿಂಗ್ ಹಿಡಿದ ದಾರಿ ಸರಳ: ಯಾವ ತೊಂದರೆ ಮೊದಲು ಬಂತು, ಯಾವುದು ಆಮೇಲೆ ಎಂದು ವಿವರವಾಗಿ ಕೇಳಿ ಬರೆಯುವುದು. ಸುಮಾರು 30 ರೋಗಿಗಳ ಕಥೆಗಳನ್ನು ಹೋಲಿಸಿದಾಗ ಒಂದು ಕ್ರಮ ಕಾಣಿಸಿತು. ಮೊದಲು ಒಂದು ಕಿವಿಯ ತೊಂದರೆ. ಬಳಿಕ ತಲೆಯ ಹಿಂಭಾಗದ ನೋವು, ನಡಿಗೆಯಲ್ಲಿ ತಡವರಿಕೆ, ಮುಖದ ಜೋಮು. ಕೊನೆಗೆ ದೃಷ್ಟಿ ಮಂಕಾಗುವುದು, ನುಂಗಲು ಕಷ್ಟವಾಗುವುದು. ಬರೀ ಕಿವಿಯ ರೋಗ ಇಷ್ಟು ದೂರ ಹಬ್ಬುವುದಿಲ್ಲ. 1917ರಲ್ಲಿ ಇದನ್ನೆಲ್ಲ ಪುಸ್ತಕವಾಗಿ ಪ್ರಕಟಿಸಿದರು.

ಅದಕ್ಕೂ ಮುಂಚೆ ಈ ಗೆಡ್ಡೆಯ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಹೆಚ್ಚಿನವರು ಬದುಕುತ್ತಿರಲಿಲ್ಲ. ಕುಶಿಂಗ್ ಗೆಡ್ಡೆಯ ಹೊರಪೊರೆಯನ್ನು ಹಾಗೇ ಬಿಟ್ಟು ಒಳತಿರುಳನ್ನಷ್ಟೇ ತೆಗೆದರು. ಸಾವುಗಳು ಬಹಳ ಇಳಿದವು. ಆದರೆ ಉಳಿದ ಭಾಗ ಕೆಲವರಲ್ಲಿ ಮತ್ತೆ ಬೆಳೆಯುತ್ತಿತ್ತು. ಇಡೀ ಗೆಡ್ಡೆಯನ್ನು ತೆಗೆಯುವ ವಿಧಾನವನ್ನು ಬೆಳೆಸಿದವರು ಅವರ ಶಿಷ್ಯ ವಾಲ್ಟರ್ ಡ್ಯಾಂಡಿ. ಗುರು-ಶಿಷ್ಯರಿಗೆ ಇದರಲ್ಲಿ ಒಮ್ಮತವಿರಲಿಲ್ಲ.

ಕುಶಿಂಗ್ 2000ಕ್ಕೂ ಹೆಚ್ಚು ಮಿದುಳು ಗೆಡ್ಡೆಗಳ ಶಸ್ತ್ರಚಿಕಿತ್ಸೆ ಮಾಡಿದರು. 1939ರ ಅಕ್ಟೋಬರ್ 7ರಂದು ಹೃದಯಾಘಾತದಿಂದ ನಿಧನರಾದರು. ಮರಣೋತ್ತರ ಪರೀಕ್ಷೆ ಮಾಡಿದಾಗ ಅವರ ಮಿದುಳಿನಲ್ಲಿಯೇ ಸುಮಾರು 1 ಸೆಂಟಿಮೀಟರ್ ಗಾತ್ರದ ಒಂದು ನೀರ್ಗುಳ್ಳೆ ಸಿಕ್ಕಿತು.