ಜರಡಿಯ ಬಿಲ್ಲೆಗೆ ಹೆಸರಿಟ್ಟವನು

ವಿದ್ಯಾರ್ಥಿದೆಸೆಯಲ್ಲಿ ನಾನು ಕ್ರಿಶ್ಚಿಯನ್ ಗಾಟ್‌ಫ್ರೀಡ್ ಏರೆನ್‌ಬರ್ಗನ ಹೆಸರನ್ನು ಮೊದಲು ಕಂಡದ್ದು ಒಂದು ತಪ್ಪಿನ ಉದಾಹರಣೆಯಾಗಿ. ಬರಿಗಣ್ಣಿಗೆ ಕಾಣದ ಜೀವಿಗೂ ಹಲವು ಜಠರಗಳಿವೆಯೆಂದು ವಾದಿಸಿದ ಪಂಡಿತನೀತನೆಂದು ನಕ್ಕು ಪುಟ ಮಗುಚಿದೆ. ಕೆಲವು ದಿನಗಳ ತರುವಾಯ ಕಡಲ ನೀರಿನ ಹನಿಯೊಂದನ್ನು ಸೂಕ್ಷ್ಮದರ್ಶಕದಡಿಯಲ್ಲಿಟ್ಟು, ಅಲ್ಲಿ ಕಂಡ ದುಂಡನೆಯ ಡಯಾಟಮನ್ನು ಗುರುತಿಸಬೇಕಾಯಿತು. ಗಾಜಿನಂಥ ಸಿಲಿಕಾ ಚಿಪ್ಪು; ಡಬ್ಬಿ ಮುಚ್ಚಳಗಳಂತೆ ಕೂಡಿಕೊಂಡ ಎರಡು ಹೋಳು; ಮೈತುಂಬ ಸಾಲುಗೊಂಡ ಕಿರುಗುಳಿಗಳು. ಈ ಸಾಲುಗಳ ವಿನ್ಯಾಸವೇ ಪ್ರಭೇದನಿರ್ಣಯಕ್ಕೆ ಮುಖ್ಯ ಆಧಾರ. ಬಹಳ ಹೊತ್ತಿನ ಮೇಲೆ ಕುಲದ ಹೆಸರು ದೊರೆಯಿತು: ಕಾಸಿನೋಡಿಸ್ಕಸ್, ಅಂದರೆ ಜರಡಿಯ ಬಿಲ್ಲೆ. ಪಕ್ಕದಲ್ಲಿ ಹೆಸರಿಟ್ಟವನ ಹೆಸರು: ಏರೆನ್‌ಬರ್ಗ್. ನನ್ನ ನಗೆಗೆ ನಾನೇ ನಾಚಿದೆ.

ಆತನು ಜನಿಸಿದ್ದು ೧೭೯೫ರಲ್ಲಿ, ಜರ್ಮನಿಯ ಡೆಲಿಟ್ಶ್ ಎಂಬ ಊರಿನಲ್ಲಿ. ಮೊದಲು ಧರ್ಮಶಾಸ್ತ್ರವನ್ನು ಓದತೊಡಗಿ, ಅದನ್ನು ಬಿಟ್ಟು ವೈದ್ಯಶಾಸ್ತ್ರವನ್ನು ಹಿಡಿದನು. ೧೮೨೦ರಲ್ಲಿ ಗೆಳೆಯ ಹೆಂಪ್ರಿಖ್‌ನೊಡನೆ ಈಜಿಪ್ಟಿಗೆ ತೆರಳಿ, ಕೆಂಪು ಸಮುದ್ರದ ದಡಗಳಲ್ಲಿ ಸಂಚರಿಸಿದನು. ೧೮೨೫ರಲ್ಲಿ ಹೆಂಪ್ರಿಖ್ ಮಸ್ಸಾವಾದಲ್ಲಿ ಜ್ವರದಿಂದ ತೀರಿಕೊಂಡನು. ಏರೆನ್‌ಬರ್ಗ್ ಗೆಳೆಯನನ್ನು ಕಳೆದುಕೊಂಡು ಬರ್ಲಿನ್ನಿಗೆ ಹಿಂದಿರುಗಿದನು. ೧೮೨೯ರಲ್ಲಿ ಹುಂಬೋಲ್ಟನ ಜೊತೆಯಲ್ಲಿ ಸೈಬೀರಿಯದವರೆಗೆ ಹೋಗಿಬಂದನು. ಆ ಬಳಿಕ ಆತನ ಲೋಕಸಂಚಾರವೆಲ್ಲ ಸೂಕ್ಷ್ಮದರ್ಶಕದ ಕಿರುವೃತ್ತದೊಳಗೇ ನಡೆಯಿತು.

ನೀರಿನ ಸೂಕ್ಷ್ಮಜೀವಿಗಳಿಗೆ ನೀಲಿ ಮತ್ತು ಕೆಂಪು ಬಣ್ಣದ ಕಣಗಳನ್ನು ಉಣಿಸಿ ನೋಡಿದಾಗ, ಒಳಗೆ ಕಂಡ ಬಣ್ಣದ ಚುಕ್ಕೆಗಳನ್ನು ಆತನು ಜಠರಗಳೆಂದು ಬಗೆದನು. ಅವು ಸಂಪೂರ್ಣಾಂಗ ಪ್ರಾಣಿಗಳೆಂದು ೧೮೩೮ರಲ್ಲಿ ೬೪ ಚಿತ್ರಫಲಕಗಳ ಮಹಾಗ್ರಂಥವನ್ನೇ ಪ್ರಕಟಿಸಿ, ಡಯಾಟಮ್‌ಗಳನ್ನೂ ಅದೇ ಪಂಕ್ತಿಯಲ್ಲಿ ಕೂರಿಸಿದನು. ಫ್ರಾನ್ಸಿನ ದುಜಾರ್ಡೆನ್ ಈ ವಾದವನ್ನು ಖಂಡಿಸಿದನು. ಜಯ ದುಜಾರ್ಡೆನ್ನನದಾಯಿತು. ಡಯಾಟಮ್‌ಗಳು ಬಿಸಿಲಿನಿಂದ ಆಹಾರ ತಯಾರಿಸುವ ಪಾಚಿಗಳೆಂದು ಇಂದು ನಾವೆಲ್ಲ ಬಲ್ಲೆವು.

ಹಾಗಾದರೆ ಆ ಬಾಳು ವ್ಯರ್ಥವಾಯಿತೆ? ಡಾರ್ವಿನ್ನನು ಅಟ್ಲಾಂಟಿಕ್ ಸಾಗರದ ಮೇಲೆ ಗಾಳಿ ತಂದು ಸುರಿದ ಧೂಳಿನ ಐದು ಪೊಟ್ಟಣಗಳನ್ನು ಪರೀಕ್ಷೆಗಾಗಿ ಕಳುಹಿಸಿದ್ದು ಏರೆನ್‌ಬರ್ಗನಿಗೆ. ಆತನು ಅದರಲ್ಲಿ ೬೭ ಬಗೆಯ ಜೈವಿಕ ರೂಪಗಳನ್ನು ಗುರುತಿಸಿದನು. ಅವುಗಳಲ್ಲಿದ್ದ ಚಿಪ್ಪಿನ ಸೂಕ್ಷ್ಮಜೀವಿಗಳಲ್ಲಿ ಎರಡು ಮಾತ್ರ ಕಡಲಿನವು, ಉಳಿದವೆಲ್ಲ ಸಿಹಿನೀರಿನವು. ನಡುಗಡಲಿನಲ್ಲಿ ಬಿದ್ದ ಧೂಳು ನೆಲದಿಂದ ಎದ್ದು ಬಂದದ್ದೆಂಬುದಕ್ಕೆ ಕಣ್ಣಿಗೆ ಕಾಣದ ಚಿಪ್ಪುಗಳೇ ಸಾಕ್ಷಿ ನುಡಿದವು. ಪ್ರಭೇದವನ್ನು ಸರಿಯಾಗಿ ಗುರುತಿಸುವುದೆಂದರೆ ಬರಿಯ ಹೆಸರಿನ ಹಂಬಲವಲ್ಲವೆಂದು ನಾನು ಅರಿತದ್ದು ಈ ಪ್ರಸಂಗದಿಂದ.

ಆತನು ಕಂಡದ್ದನ್ನು ಚಿತ್ರಿಸಿದನು. ಚಿತ್ರಿಸಿದ ವಸ್ತುವನ್ನು ಎಸೆಯದೆ ಅಭ್ರಕದ ತೆಳುಹಾಳೆಗಳ ಮೇಲೆ ಅಂಟಿಸಿ ಕಾಪಾಡಿದನು. ವೃದ್ಧಾಪ್ಯದಲ್ಲಿ ಮಗಳು ಕ್ಲಾರಾ ಈ ಕಾರ್ಯದಲ್ಲಿ ನೆರವಾದಳು. ೧೮೭೬ರಲ್ಲಿ ಆತನು ಗತಿಸಿದನು. ಸುಮಾರು ೪೦,೦೦೦ ಸೂಕ್ಷ್ಮದರ್ಶಕ ಮಾದರಿಗಳೂ ೩,೦೦೦ ಚಿತ್ರಗಳೂ ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಉಳಿದಿವೆ. ಹಳೆಯ ಹೆಸರೊಂದರ ಬಗ್ಗೆ ಸಂದೇಹ ಬಂದಾಗ ವಿದ್ವಾಂಸರು ಆ ಅಭ್ರಕದ ಹಾಳೆಗಳನ್ನೇ ಮತ್ತೆ ತೆರೆದು ನೋಡುತ್ತಾರೆ.

ಏರೆನ್‌ಬರ್ಗನ ಸಿದ್ಧಾಂತ ಬಿದ್ದುಹೋಯಿತು. ಆತನ ನೋಟ ನಿಂತಿತು. ತನ್ನ ತಪ್ಪನ್ನು ತೋರಿಸಬಲ್ಲ ಸಾಕ್ಷ್ಯವನ್ನೂ ಮುಂದಿನವರಿಗಾಗಿ ಜೋಪಾನವಾಗಿಟ್ಟು ಹೋದವನನ್ನು ಸೋತವನೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.